ಹುಣಸೆಹಣ್ಣು ಹಾಕಿ ಬೆಳಗಿದ ಕಾರ್ಡು

ಬಾಲರಾಜು ನಮ್ಮ ಪಕ್ಕದ ಮನೆಯವನು. ನನ್ನ ಯಜಮಾನರ ಕಡೆಯಿಂದ ನೆಂಟನೂ ಹೌದು, ಅದಕ್ಕೇ ನನ್ನನ್ನು ದೊಡ್ಡವ್ವ ಅನ್ನುತ್ತಿದ್ದ. ಬೈರಮಂಗಲದ ಕೆರೆಗೆ ಕೂಗಳತೆಯ ಊರು ನಮ್ಮದು. ಬಿಡದಿ ಕಡೆ ಫ್ಯಾಕ್ಟರಿಗಳು ಒಂದರ ಹಿಂದೊಂದು ಎದ್ದಾಗ ಊರಿನ ಗಂಡಸರು ದನ ಕಟ್ಟುವುದು ಬಿಟ್ಟು ಸೈಕಲ್ಲು ಹತ್ತಿದರು, ಬಾಲರಾಜುವೂ ಹತ್ತಿದ. ಎರಡು ಸಾವಿರದ ಐದನೇ ಇಸವಿ, ಯುಗಾದಿ ಕಳೆದು ಒಂಬತ್ತನೇ ದಿನ, ತಗಡು ಒತ್ತುವ ಮಿಷನ್ನಿಗೆ ಸಿಕ್ಕಿ ಅವನ ಬಲಗೈ ಮಣಿಕಟ್ಟಿನವರೆಗೆ ಹೋಯಿತು. ಕಂಟ್ರಾಕ್ಟಿನವನಾದ್ದರಿಂದ ಅವನು ನಮ್ಮವನೇ ಅಲ್ಲ ಎಂದುಬಿಟ್ಟರು ಫ್ಯಾಕ್ಟರಿಯವರು.

ಆಮೇಲೆ ಒಂದು ವರ್ಷ ಅವನು ಜಗಲಿ ಬಿಟ್ಟು ಏಳಲಿಲ್ಲ. ಹೆಂಡತಿ ಲತಾಮಣಿ ಬೆಳಿಗ್ಗೆ ಏಳಕ್ಕೆ ಗಾರ್ಮೆಂಟ್ಸಿನ ವ್ಯಾನು ಹತ್ತಿದರೆ ಕತ್ತಲಾದ ಮೇಲೆ ಇಳಿಯುತ್ತಿದ್ದಳು. ಕೊನೆಗೆ ಅವನೇ ಎದ್ದು ರಾಮನಗರಕ್ಕೆ ಹೋಗಿ, ಕಂಪ್ಯೂಟರ್ ರಿಪೇರಿ ಮಾಡುವ ಅಮೀರ್ ಎಂಬುವವನ ಅಂಗಡಿಯಲ್ಲಿ ಕೂತು ಕೆಲಸ ಕಲಿತ. ಬೆಂಗಳೂರಿನ ಹಳೇ ಸಾಮಾನಿನ ಅಂಗಡಿಗಳಿಂದ ಒಂದೊಂದೇ ಭಾಗವನ್ನು ರಾಗಿ ಚೀಲದಲ್ಲಿ ತಂದು, ಮನೆಯಲ್ಲೇ ಒಂದು ಕಂಪ್ಯೂಟರ್ ಜೋಡಿಸಿದ. ಎಡಗೈಯಲ್ಲಿ ಸ್ಕ್ರೂ ತಿರುಗಿಸುವಾಗ ಹಿಡಿದುಕೊಳ್ಳಲು ಇನ್ನೊಂದು ಕೈ ಬೇಕಲ್ಲ, ಅದು ನನ್ನದು.

“ಅಲ್ಲಾಡಿಸ್ಬ್ಯಾಡ ದೊಡ್ಡವ್ವ, ಅದೇನ್ ಮಜ್ಜಿಗೆ ಕಡೆಯೋ ಕಡಗೋಲಾ?” ಎಂದು ಗದರುತ್ತಿದ್ದ. ಕೈ ಹೋದ ಮೇಲೆ ಅವನು ನಕ್ಕದ್ದನ್ನು ಮೊದಲು ನೋಡಿದ್ದು ಆಗಲೇ.

ಎರಡು ಸಾವಿರದ ಎಂಟರಲ್ಲಿ ಒಂದು ಸುದ್ದಿ ಬಂತು. ಜಾತಿ ಸರ್ಟಿಫಿಕೇಟು, ಪಿಂಚಣಿ, ಪರೀಕ್ಷೆ ಇಂಥವಕ್ಕೆ ಅರ್ಜಿ ತುಂಬುವ ಕೇಂದ್ರವೊಂದು ನಮ್ಮ ಕಡೆಗೆ ಬರುತ್ತದೆ, ನಮ್ಮ ಊರಿಗೋ ಪಕ್ಕದ ಊರಿಗೋ. ಮೇಲಿನ ಆಫೀಸಿನಿಂದ ಒಬ್ಬರು ಬಂದು ನೋಡುತ್ತಾರೆ, ಇಂಟರ್ನೆಟ್ಟು ಸರಿಯಾಗಿ ಹಿಡಿದರೆ ಕೇಂದ್ರ ಬಾಲರಾಜುವಿಗೇ. ಒಂಟಿ ಕೈಯವನಿಗೆ ಬೇರೆ ಯಾರು ಕೆಲಸ ಕೊಡುತ್ತಾರೆ? ಗಂಡ ಹೆಂಡತಿ ಇಬ್ಬರೂ ಅದನ್ನೇ ನಂಬಿ ಕೂತರು.

ನೆಟ್ಟು ಇದ್ದದ್ದು ರಸ್ತೆಯಾಚೆಯ ಹಾಲಿನ ಡೈರಿಯಲ್ಲಿ. ಸೆಕ್ರೆಟರಿ ರಾಮಲಿಂಗಯ್ಯ ಹಂಚಿಕೊಳ್ಳಲು ಒಪ್ಪಿದರು. ತಂತಿ ಎಳೆದರೆ ಫ್ಯಾಕ್ಟರಿಯ ಲಾರಿಗಳು ಎರಡು ಸಲ ಹರಿದುಕೊಂಡು ಹೋದವು. ಆಗ ಬಾಲರಾಜು ತಂತಿಯಿಲ್ಲದೆ ನೆಟ್ಟು ಹಿಡಿಯುವ ಒಂದು ಹಳೇ ಕಾರ್ಡು ತಂದ. ಅಂಗೈಯಗಲದ ಹಸಿರು ಹಲಗೆ, ಬೆನ್ನಿಗೆ ಬೆರಳುದ್ದದ ಕೊಂಬು, ಕೆಳಗೆ ಚಿನ್ನದ ಬಣ್ಣದ ಹಲ್ಲು. ಹಲ್ಲನ್ನು ಕಂಪ್ಯೂಟರ್ ಪೆಟ್ಟಿಗೆಯೊಳಗಿನ ಸೀಳಿಗೆ ಒತ್ತಿದರೆ ಆಯಿತು, ಡೈರಿಯ ನೆಟ್ಟು ಇವನ ಮನೆಗೆ ಬಂತು. ಹತ್ತು ದಿನ ಬಂತು. ಹನ್ನೊಂದನೇ ದಿನ ಪರದೆಯ ಮೂಲೆಯಲ್ಲಿ ಕೆಂಪು ಗುಣಿಸು ಗುರುತು ಬಿತ್ತು.

ಮೊದಲು ಗೋಡೆ ಅಡ್ಡ ಅಂದುಕೊಂಡ. ಮೇಜನ್ನು ಕಿಟಕಿಗೆ ಎಳೆದು, ಕೊಂಬಿಗೆ ತಂತಿ ಜೋಡಿಸಿ ಕಿಟಕಿಯಾಚೆ ನೇತುಹಾಕಿದ. ಬರಲಿಲ್ಲ. ಸಿ.ಡಿ. ಹಾಕಿ ಏನೇನೋ ಅಳಿಸಿ ಮತ್ತೆ ತುಂಬಿಸಿದ. ಪಕ್ಕದ ಸೀಳಿಗೆ ಬದಲಾಯಿಸಿದ. ಕೊನೆಗೆ ಇಡೀ ಪೆಟ್ಟಿಗೆಯನ್ನು ಹಾಲಿನ ಕ್ಯಾನಿನ ಗಾಡಿಯಲ್ಲಿಟ್ಟುಕೊಂಡು ಡೈರಿಯೊಳಕ್ಕೇ ಹೋದೆವು. ನೆಟ್ಟಿನ ಡಬ್ಬಿಯ ಪಕ್ಕದಲ್ಲೇ ಕೂರಿಸಿದರೂ ಕೆಂಪು ಹೋಗಲಿಲ್ಲ. ಹಾಗಾದರೆ ದೂರದ ದೋಷ ಅಲ್ಲ, ಕಾರ್ಡಿನದೇ ಎಂದು ಬಿಚ್ಚಿ ಬೆಳಕಿಗೆ ಹಿಡಿದ. ಚಿನ್ನದ ಹಲ್ಲುಗಳೆಲ್ಲ ಕರ್ರಗಾಗಿದ್ದವು.

ಆ ಕಪ್ಪು ನನಗೆ ಗೊತ್ತಿತ್ತು. ನಮ್ಮ ಕೆರೆಗೆ ಬರುವುದು ಬೆಂಗಳೂರಿನ ಮೋರಿಯ ನೀರು. ಗಾಳಿ ಈ ಕಡೆ ತಿರುಗಿದರೆ ಕೊಳೆತ ಮೊಟ್ಟೆಯ ವಾಸನೆ, ಮೂಗಿಗೆ ಸೆರಗಿಟ್ಟುಕೊಂಡೇ ಉಣ್ಣಬೇಕು. ಬಚ್ಚಲಿನ ತಾಮ್ರದ ಹಂಡೆ ವಾರಕ್ಕೆ ಕಪ್ಪು. ಲತಾಮಣಿಯ ಕಾಲುಂಗುರ ಬೆಳ್ಳಿಯೋ ಕಬ್ಬಿಣವೋ ಹೇಳಲಾಗದು.

“ಇದು ನಮ್ಮನೆ ಹಂಡೆ ಕಪ್ಪೇ ಕಣ್ ಮಗ” ಅಂದೆ.

ಅವನು ಪೆನ್ಸಿಲ್ಲಿನ ರಬ್ಬರಿನಿಂದ ಹಲ್ಲುಗಳನ್ನು ಮೆಲ್ಲಗೆ ಉಜ್ಜಿ ಹಾಕಿದ. ಕೆಂಪು ಹೋಯಿತು. ಅಲ್ಲಿಂದಾಚೆ ಹತ್ತು ಹನ್ನೆರಡು ದಿನಕ್ಕೊಮ್ಮೆ ಬಿಚ್ಚುವುದು, ಉಜ್ಜುವುದು, ಹಾಕುವುದು. ನಾನು ಹಿಡಿದುಕೊಳ್ಳುವುದು. ಕಣ್ಣು ಮುಚ್ಚಿಯೂ ಮಾಡುವಷ್ಟು ನನಗೆ ರೂಢಿಯಾಯಿತು.

ನೋಡಲು ಬರುವವರು ಬುಧವಾರ ಬರುತ್ತೇವೆಂದು ಹೇಳಿ ಕಳಿಸಿದರು. ಮಂಗಳವಾರ ಬಾಲರಾಜು, ಇನ್ನೊಂದು ಕಾರ್ಡು ಕೈಯಲ್ಲಿರಲಿ ಎಂದು ಅಮೀರನ ಹತ್ತಿರ ಹೋದ. ನೋಡಿಕೊಂಡಿರು ಎಂದು ನನಗೆ ಹೇಳಿದ್ದ. ಮಧ್ಯಾಹ್ನ ನೋಡುತ್ತೇನೆ, ಕೆಂಪು ಬಿದ್ದಿದೆ. ರಬ್ಬರು ಹುಡುಕಿದೆ, ಅದು ಅವನ ಜೇಬಿನಲ್ಲೇ ಹೋಗಿತ್ತು. ಪ್ಲಗ್ಗು ಕಿತ್ತು ಕಾರ್ಡು ಬಿಚ್ಚಿದೆ. ಐವತ್ತು ವರ್ಷ ಹಂಡೆ, ಕಂಚು, ದೀಪ ಬೆಳಗಿದ ಕೈ ನನ್ನದು. ಹುಣಸೆಹಣ್ಣಿಗೆ ಒಸಿ ಉಪ್ಪು ಬೆರೆಸಿ ಹಲ್ಲುಗಳನ್ನು ಉಜ್ಜಿದೆ. ತೊಳೆದು, ಸೆರಗಿನಲ್ಲಿ ಒರೆಸಿ, ಬಿಸಿಲಿಗೆ ಇಟ್ಟು ಮತ್ತೆ ಹಾಕಿದೆ. ರಬ್ಬರಿಗೆ ಬಾರದ ಹೊಳಪು ಬಂದಿತ್ತು. ಕೆಂಪೂ ಹೋಯಿತು.

ಸಂಜೆ ಅವನು ಬರಿಗೈಯಲ್ಲಿ ಬಂದ. ಅಮೀರನ ಬಳಿ ಅಂಥ ಕಾರ್ಡು ಇರಲಿಲ್ಲವಂತೆ. ಪರದೆ ನೋಡಿ ಸಮಾಧಾನಪಟ್ಟುಕೊಂಡ. ಲತಾಮಣಿ ಮಾರನೆಯ ದಿನಕ್ಕೆ ಅಂಗಿ ಒಗೆದು ಹಾಕಿದಳು. ನಾನು ಹುಣಸೆಹಣ್ಣಿನ ಮಾತು ಎತ್ತಲಿಲ್ಲ. ಅವರು ಬಂದು ಹೋದ ಮೇಲೆ ಹೇಳಿ ಶಭಾಷ್ ಅನ್ನಿಸಿಕೊಳ್ಳೋಣ ಅಂತ ಆಸೆ. ಆಗಲೇ ಹೇಳಿದ್ದರೆ ಅವನು ಬಿಚ್ಚಿ ನೋಡುತ್ತಿದ್ದ.

ಬುಧವಾರ ಹನ್ನೊಂದಕ್ಕೆ ಆ ಮನುಷ್ಯ ಬಂದ. ಕಾರು ಇಳಿದಾಗಿನಿಂದ ಮೂಗಿಗೆ ಕರ್ಚೀಫು. ರಾಮಲಿಂಗಯ್ಯ, ಊರಿನ ನಾಲ್ಕು ಜನ ಬಾಗಿಲಲ್ಲಿ ನಿಂತರು. ಬಾಲರಾಜು ಸ್ವಿಚ್ಚು ಹಾಕಿದ. ಪರದೆ ಬೆಳಗಿತು, ಮೂಲೆಯಲ್ಲಿ ಕೆಂಪು. ಆರಿಸಿ ಮತ್ತೆ ಹಾಕಿದ. ಕೆಂಪೇ.

“ದೊಡ್ಡವ್ವ, ಇಡ್ಕೊ” ಅಂದ.

ನಾನು ಹಿಡಿದೆ. ಅವನು ಕಾರ್ಡು ಎಳೆದು ಕಿಟಕಿಗೆ ಹಿಡಿದ. ಕಲಾಯಿ ಇಲ್ಲದ ಪಾತ್ರೆಯಲ್ಲಿ ಹುಳಿ ಮಜ್ಜಿಗೆ ಉಳಿದರೆ ಹೇಗೆ ಕಿಲುಬು ಹಿಡಿಯುತ್ತದೆಯೋ ಹಾಗೆ ಹಲ್ಲಿಗೆಲ್ಲ ಹಸಿರು ಕಿಲುಬು. ಒಂದೆರಡು ಹಲ್ಲು ಎದ್ದುಬಂದಿದ್ದವು. ಅವನು ಹತ್ತಿರದಿಂದ ನೋಡಿ, ಯಾರಿಗೂ ತೋರಿಸದೆ ಕಾರ್ಡನ್ನು ಜೇಬಿಗೆ ಹಾಕಿಕೊಂಡ. ಏನಾಯಿತು ಎಂದು ಬಂದವನು ಕೇಳಿದ.

“ಕೆರೆ ಗಾಳಿ ಸಾರ್. ತಾಮ್ರ ಇರೋದ್ನೆಲ್ಲ ತಿಂದ್ಬುಡ್ತದೆ.”

ಆ ಮನುಷ್ಯ ಕರ್ಚೀಫು ತೆಗೆಯದೆ ಒಂದು ಕೈಯಲ್ಲೇ ಬರೆದುಕೊಂಡ. ‘ಸ್ಥಳದ ಗಾಳಿ ಯಂತ್ರಗಳಿಗೆ ಯೋಗ್ಯವಾಗಿಲ್ಲ’ ಎಂದು ಬರೆದದ್ದನ್ನು ರಾಮಲಿಂಗಯ್ಯನೇ ಇಣುಕಿ ಓದಿದರು. ಕೇಂದ್ರ ಪಕ್ಕದ ಊರಿನ ಪಾಲಾಯಿತು.

ಕಾರು ಹೋದ ಮೇಲೆ ರಾಮಲಿಂಗಯ್ಯ ತಿರುಗಿಬಿದ್ದರು. ಅವರು ತಮ್ಮ ಹೊಲವನ್ನು ಸೈಟು ಮಾಡಲು ಕಲ್ಲು ನೆಡಿಸಿದ್ದರು.

“ಊರ್ ಮಾನ ಕಳೆದ್ಬುಟ್ಟಲ್ಲೋ. ಗಾಳೀನೇ ಸರಿ ಇಲ್ಲ ಅಂದ್ಮೇಲೆ ಸೈಟ್ ತಗಳಕ್ಕೆ ಯಾವನ್ಲಾ ಬತ್ತಾನೆ?”

ಬಾಲರಾಜು ತಲೆ ತಗ್ಗಿಸಿ ನಿಂತಿದ್ದ. ಕಿಲುಬು ನನ್ನದು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅಂದಿನಿಂದ ಡೈರಿಯ ನೆಟ್ಟೂ ನಿಂತಿತು. ಊರಿನ ಎಷ್ಟೋ ಜನ ಅವನ ಜೊತೆ ಮಾತು ಬಿಟ್ಟರು.

ಅವನು ಬಿಡದಿಯಲ್ಲಿ ಒಂದು ಫ್ಯಾಕ್ಟರಿಯ ಗೇಟು ಕಾಯುವ ಕೆಲಸಕ್ಕೆ ಸೇರಿದ. ಬರುವ ಹೋಗುವ ಕಾರುಗಳಿಗೆ ಸಲ್ಯೂಟ್ ಹೊಡೆಯಬೇಕು, ಎಡಗೈಯಲ್ಲಿ ಹೊಡೆದರೆ ಮರ್ಯಾದೆಯಲ್ಲ ಎಂದು ಹಿಂದಿನ ಗೇಟಿಗೆ ಹಾಕಿದರಂತೆ. ಎರಡು ವರ್ಷಕ್ಕೆ ಗಂಡ ಹೆಂಡತಿ ಅಲ್ಲೇ ಒಂದು ಬಾಡಿಗೆ ರೂಮು ಹಿಡಿದರು. ಸಾಮಾನು ಗಾಡಿಗೆ ಹೇರುವ ದಿನ ನಾನು ತಡೆಯಲಾರದೆ ಹೇಳಿಬಿಟ್ಟೆ, ಅವತ್ತು ಹುಣಸೆಹಣ್ಣು ಹಾಕಿ ಬೆಳಗಿದ್ದು ನಾನೇ ಎಂದು.

“ಗೊತ್ತು ಕಣ್ ದೊಡ್ಡವ್ವ. ಹಲ್ಲಿನ ಸಂದೀಲಿ ನಾರು ಸಿಕ್ಕಾಕ್ಕೊಂಡಿತ್ತು.”

“ಮತ್ಯಾಕ್ಲಾ ಒಂದ್ ಮಾತೂ ಅನ್ಲಿಲ್ಲ? ಊರೆಲ್ಲ ಉಗೀತಲ್ಲ ನಿನಗೆ.”

ಹಗ್ಗದ ತುದಿಯನ್ನು ಹಲ್ಲಲ್ಲಿ ಕಚ್ಚಿ ಗಂಟು ಬಿಗಿದು ಮುಗಿಸಿ, ಆಮೇಲೆ ಹೇಳಿದ.

“ಇದ್ದಿದ್ದೇ ಎರಡು ಕೈ. ಅದ್ರಲ್ಲೊಂದು ನಿಂದು. ಬೈದು ಅದನ್ನೂ ಕಳ್ಕೊಳ್ಳನಾ?”

ಕಂಪ್ಯೂಟರನ್ನು ಗಾಡಿಗೆ ಹಾಕಲಿಲ್ಲ, ನನ್ನ ಮನೆಯಲ್ಲೇ ಬಿಟ್ಟುಹೋದ. ಮೊನ್ನೆ ಧೂಳು ಹೊಡೆಯೋಣವೆಂದು ಮುಚ್ಚಳ ಬಿಚ್ಚಲು ಕೂತೆ. ಸ್ಕ್ರೂಗಳು ತುಕ್ಕು ಹಿಡಿದಿವೆ. ಯಾರಾದರೂ ಪೆಟ್ಟಿಗೆ ಹಿಡಿದುಕೊಳ್ಳದೆ ನನ್ನೊಬ್ಬಳ ಕೈಲಿ ಆಗಲಿಲ್ಲ.