ಸರ್ಚಿನಲ್ಲಿ ಓರಗಿತ್ತಿಯೇ ಮೊದಲು

ಕೃಷ್ಣಮೂರ್ತಿಪುರಂನ ಮನೆಯಲ್ಲಿ ನಾನು ಪುಳಿಯೋಗರೆ ಗೊಜ್ಜು ಮಾಡಿ ಮಾರುತ್ತೇನೆ. ಜಯಲಕ್ಷ್ಮಿಪುರಂನಲ್ಲಿ ನನ್ನ ಓರಗಿತ್ತಿಯೂ ಅದನ್ನೇ ಮಾರುತ್ತಾಳೆ. ಇಬ್ಬರಿಗೂ ಕಲಿಸಿದವರು ತೀರಿಕೊಂಡ ನಮ್ಮ ಅತ್ತೆ. ಓರಗಿತ್ತಿಯ ಗೊಜ್ಜಿನಲ್ಲಿ ಬೆಲ್ಲ ಮುಂದಾಗಿರುತ್ತದೆ. ಇದನ್ನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಹೊಟ್ಟೆಕಿಚ್ಚಿನ ವಿಷಯ ಬೇರೆಯೇ ಇದೆ.

ಫೋನಿನಲ್ಲಿ ‘ಮೈಸೂರು ಪುಳಿಯೋಗರೆ ಗೊಜ್ಜು’ ಎಂದು ಹುಡುಕಿದರೆ ಅವಳ ವೆಬ್‌ಸೈಟ್ ಮೊದಲು ಬರುತ್ತಿತ್ತು. ನನ್ನದು ಎಷ್ಟು ಕೆಳಗೆ ಹೋದರೂ ಸಿಗುತ್ತಿರಲಿಲ್ಲ. ಹೊಸ ಗಿರಾಕಿಗಳೆಲ್ಲ ಅವಳ ಪಾಲು. ಬೆಳಿಗ್ಗೆ ಹಾಲು ಕಾಯಿಸುವ ಮೊದಲೇ ನಾನು ಅವಳ ಪುಟ ತೆರೆಯುತ್ತಿದ್ದೆ. ಒಂದೊಂದು ಫೋಟೋವನ್ನೂ ದೊಡ್ಡದು ಮಾಡಿ ನೋಡಿ ಮೈ ಪರಚಿಕೊಳ್ಳುತ್ತಿದ್ದೆ. ಊಟವಾದ ಮೇಲೆ ಮತ್ತೆ ಅದೇ.

“ನೋಡ್ಬೇಡ ಅಂದ್ರೆ ಕೇಳಲ್ವಲ್ಲೇ ನೀನು,” ಎಂದು ನಮ್ಮವರು ಗದರುತ್ತಿದ್ದರು. ನೋಡದೆ ಇರುವುದು ನನ್ನಿಂದ ಆಗುತ್ತಿರಲಿಲ್ಲ.

ನನ್ನ ಪುಟ ಚೆನ್ನಾಗಿರಲಿಲ್ಲವೆಂದಲ್ಲ. ಮಂಡಿ ಮೊಹಲ್ಲಾದಲ್ಲಿ ನಮ್ಮ ಮನೆಯ ಲಗ್ನಪತ್ರಿಕೆಗಳನ್ನು ಅಚ್ಚು ಹಾಕಿದವರ ಕೈಯಲ್ಲೇ ಮಾಡಿಸಿದ್ದೆ. ಪತ್ರಿಕೆಯ ಹಾಗೇ ಇರಬೇಕು ಎಂದಿದ್ದೆ. ಬಳ್ಳಿಯ ಅಂಚು, ಬಂಗಾರದ ಅಕ್ಷರ, ಪ್ರತಿ ಪುಟದ ತಲೆಯ ಮೇಲೂ ‘ಶ್ರೀ’. ಶ್ರೀ ಬರೆಯದೆ ನನಗೆ ದಿನಸಿ ಚೀಟಿಯನ್ನೂ ಶುರು ಮಾಡಿ ಗೊತ್ತಿಲ್ಲ.

ಗೌರಿ ಹಬ್ಬದ ಬಾಗಿನಕ್ಕೆಂದು ಬಂದ ಓರಗಿತ್ತಿ ತಾನಾಗಿಯೇ ಮಾತು ತೆಗೆದಳು.

“ಬೇಜಾರ್ ಮಾಡ್ಕೋಬೇಡಿ ಅಕ್ಕ. ನಿಮ್ಮ ಪುಟಗಳ ಹೆಸರೆಲ್ಲ ಬರೀ ಶ್ರೀ ಅಂತಿದೆ. ಗೊಜ್ಜು ಬೇಕಾದವ್ರು ಶ್ರೀ ಅಂತ ಹುಡುಕ್ತಾರಾ? ಮಿಕ್ಕ ಬರಹವೆಲ್ಲ ಒಂದು ದೊಡ್ಡ ಚಿತ್ರ. ಚಿತ್ರದೊಳಗಿರೋ ಅಕ್ಷರ ಸರ್ಚಿಗೆ ಸರಿಯಾಗಿ ತಿಳಿಯಲ್ಲ ಕಣಕ್ಕ.”

ನನ್ನ ನಡುಮನೆಯಲ್ಲಿ ಕೂತು, ನನ್ನದೇ ಪುಳಿಯೋಗರೆ ತಿನ್ನುತ್ತಾ, ಎಲ್ಲವನ್ನೂ ಸರಿಮಾಡಿಕೊಟ್ಟಳು. ಪುಟದ ಹೆಸರಿನಲ್ಲಿ ಊರು ಬಂತು, ಗೊಜ್ಜು ಬಂತು. ಚಿತ್ರದಲ್ಲಿದ್ದ ಮಾತುಗಳನ್ನೆಲ್ಲ ಟೈಪ್ ಮಾಡಿದಳು. ಪ್ರತಿ ಫೋಟೋಗೂ ಅದು ಏನೆಂದು ಒಂದು ಸಾಲು ಬರೆದಳು. ‘ಎಷ್ಟು ದಿನ ಕೆಡದೆ ಇರುತ್ತದೆ?’ ಎಂದು ಜನ ಕೇಳುವ ಪ್ರಶ್ನೆಯನ್ನೇ ಒಂದು ತಲೆಬರಹ ಮಾಡಿದಳು. ಇದೂ ಇವಳಿಗೆ ಗೊತ್ತಿದೆಯಲ್ಲ ಎಂದು ನನಗೆ ಇನ್ನಷ್ಟು ಉರಿಯಿತು. ಅವಳು ಕೆಟ್ಟವಳಾಗಿದ್ದರೆ ನನಗೆ ಎಷ್ಟು ಸಲೀಸಾಗಿರುತ್ತಿತ್ತು!

ದೀಪಾವಳಿ ಕಳೆಯಿತು. ನನ್ನ ಪುಟ ಮೇಲೇರಿ ಎರಡನೆಯದಾಯಿತು. ಅವಳದೇ ಮೊದಲನೆಯದು. ನನ್ನದು ಕಾಣದೇ ಇದ್ದಾಗಲೂ ಅಷ್ಟು ಸಂಕಟವಾಗಿರಲಿಲ್ಲ. ಆಟೋ ಹಿಡಿದು ಅವಳ ಮನೆಗೇ ಹೋದೆ.

“ಏನೋ ಒಂದು ಮುಚ್ಚಿಟ್ಟಿದೀಯ ಕಣೇ ನೀನು,” ಎಂದು ಬಾಗಿಲಲ್ಲೇ ಅಂದುಬಿಟ್ಟೆ.

ಅವಳು ತನ್ನ ಫೋನ್ ತಂದು ಅದೇ ಮಾತುಗಳನ್ನು ಹುಡುಕಿ ನನ್ನ ಮುಂದೆ ಹಿಡಿದಳು. ನನ್ನ ಪುಟ ಮೊದಲು, ಅವಳದು ಅದರ ಕೆಳಗೆ. ಪಕ್ಕದಲ್ಲಿ ನನ್ನ ಫೋನ್ ಇಟ್ಟೆ. ಅದರಲ್ಲಿ ಅವಳೇ ಮೊದಲು.

“ಸರ್ಚು ಎಲ್ರಿಗೂ ಒಂದೇ ತರ ತೋರ್ಸಲ್ಲ ಅಕ್ಕ. ನಾವು ಯಾವ ಪುಟಕ್ಕೆ ಮತ್ತೆ ಮತ್ತೆ ಹೋಗ್ತೀವೋ, ನಮ್ಮ ಫೋನಲ್ಲಿ ಅದನ್ನ ಮೇಲಕ್ಕೆ ತಂದ್ಬುಡುತ್ತೆ.”

ನನ್ನ ಬಂಡವಾಳ ಬಯಲಾಗಿತ್ತು. ಆಮೇಲೆ ಹೊಳೆಯಿತು.

“ಹಂಗಾದ್ರೆ ನಿನ್ನ ಫೋನಲ್ಲಿ ನಾನು ಹೆಂಗೆ ಮೇಲೆ ಬಂದೆ?”

ಅವಳು ಸೆರಗಿನಿಂದ ಫೋನಿನ ಗಾಜನ್ನು ಒರೆಸತೊಡಗಿದಳು.

“ನಾನೂ ದಿನಾ ನೋಡ್ತೀನಲ್ಲ,” ಎಂದಳು. “ಅತ್ತೆ ಕೊನೇಲಿ ನಮ್ಮನೇಲಿ ಮಲಗಿದ್ದಾಗ ಏನೂ ಸೇರ್ತಿಲ್ಲ, ನಿಮ್ಮ ಗೊಜ್ಜೇ ಬೇಕು ಅಂದ್ರು. ನನ್ನ ಗೊಜ್ಜು ಕಲಸಿದ ಅನ್ನದ ತಟ್ಟೆ ಆಗ ನನ್ನ ಕೈಯಲ್ಲೇ ಇತ್ತು.”

ಪಾಪ ಎನಿಸಬೇಕಿತ್ತು. ನನಗಾದದ್ದು ಸಂತೋಷ. ಅದು ಅವಳಿಗೂ ಕಾಣಿಸಿತು.