ಮಾವನ ಹೆವಿ ಲೈಸೆನ್ಸು

ನನ್ನ ಡ್ರೈವಿಂಗ್ ಲೈಸೆನ್ಸು ನನಗೆ ಸ್ಕೂಟರು, ಕಾರು ಇವೆರಡನ್ನು ಮಾತ್ರ ದಯಪಾಲಿಸಿದೆ. ತುಮಕೂರಿನ ಶಿರಾ ಗೇಟ್ ಟ್ರಾಫಿಕ್ಕಿನಲ್ಲಿ ನನ್ನ ಪಕ್ಕ ಕೂತವರು ಅದೇ ಹೆಚ್ಚಾಯಿತು ಅನ್ನುತ್ತಾರೆ. ಹಾಗಾಗಿ ಬಸ್ಸು, ಲಾರಿ ಓಡಿಸುವ ಹೆವಿ ಲೈಸೆನ್ಸಿನವರನ್ನು ಕಂಡರೆ ನನಗೆ ಭಯಭಕ್ತಿ. ಪುರಾಣಗಳಲ್ಲಿ ಸಾರಥಿಗಳಿಗೇನು ಬರವಿಲ್ಲ. ಆದರೆ ಎರಡು ಕುದುರೆಯ ರಥಕ್ಕೊಂದು, ನಾಲ್ಕು ಕುದುರೆಯದಕ್ಕೊಂದು ಪರವಾನಗಿ ಬೇಕಿತ್ತೆಂದು ಯಾವ ಹರಿಕಥೆಯಲ್ಲೂ ಕೇಳಿಲ್ಲ. ಅಂಥ ಸೂಕ್ಷ್ಮಗಳೆಲ್ಲ ಹೊಳೆದದ್ದು ನಮ್ಮ ಕಾಲಕ್ಕೆ.

ಗುಬ್ಬಿಯಲ್ಲಿರುವ ನನ್ನ ಸೋದರಮಾವ ರಂಗಣ್ಣ ಮೊದಲು ಲಾರಿ, ಆಮೇಲೆ ತುಮಕೂರಿನ ಮೇಲೆ ಕುಣಿಗಲ್‌ಗೆ ಹೋಗುವ ಖಾಸಗಿ ಬಸ್ಸು ಓಡಿಸಿದವರು. ಬೀಗರು ಬಿ.ಎ., ಬಿ.ಎಡ್. ಎಂದೆಲ್ಲ ಹೇಳಿಕೊಳ್ಳುವಾಗ ಅತ್ತೆ ಸೆರಗು ಸರಿಮಾಡಿಕೊಂಡು, "ನಮ್ಮೆಜಮಾನ್ರದು ಹೆವಿ" ಎಂದಷ್ಟೇ ಅನ್ನುತ್ತಿದ್ದರು. ಬೇಸಿಗೆ ರಜೆಯಲ್ಲಿ ಆ ಬಸ್ಸಿನ ಬಾನೆಟ್ ಮೇಲೆ ಗೋಣಿಚೀಲ ಹಾಸಿಕೊಂಡು ಕೂತು ಬೆಂದದ್ದು, ಡೀಸೆಲ್ ವಾಸನೆಗೆ ಹೊಟ್ಟೆ ತೊಳಸಿದ್ದು, ಎಲ್ಲ ಈಗ ಹಿತವಾದ ನೆನಪು. ಆಗಿನ ಸುಖ ಇಂದಿನ ಏಸಿ ಬಸ್ಸಿನಲ್ಲಿ ನನಗಂತೂ ಸಿಕ್ಕಿಲ್ಲ. "ಲಾರಿ ಸಲೀಸು ಕಣೋ, ಲೋಡು ಮಾತಾಡಲ್ಲ. ಬಸ್ಸಲ್ಲಿ ಎಲ್ರೂ ಡ್ರೈವರ್‌ಗಳೇ" ಎಂದು ಮಾವ ನಗುತ್ತಿದ್ದರು.

ಬಸ್ಸು ಬಿಟ್ಟು ವರ್ಷಗಳಾದರೂ ಅವರು ಹೆವಿಯನ್ನು ಮಾತ್ರ ಬಿಡದೆ ನವೀಕರಿಸುತ್ತಲೇ ಬಂದರು. ನೆಂಟರ ಮದುವೆ ಬಸ್ಸಿನ ಡ್ರೈವರಿಗೆ ಇದ್ದಕ್ಕಿದ್ದಂತೆ ಜ್ವರ ಬಂದರೆ ಯಾರು ಗತಿ ಎಂಬುದು ಅವರ ವಾದ. ಎಷ್ಟೋ ಮದುವೆಗಳಾದವು, ಯಾವ ಡ್ರೈವರಿಗೂ ಜ್ವರ ಬರಲಿಲ್ಲ.

ಕಳೆದ ತಿಂಗಳು ಮತ್ತೆ ನವೀಕರಣಕ್ಕೆಂದು ತುಮಕೂರಿಗೆ ಬಂದರು. ಅದಕ್ಕೆ ಬೇಕಾದ ಸರ್ಟಿಫಿಕೇಟು ಕೊಡುವ ಡಾಕ್ಟರು ಮಾವನ ಆಪರೇಶನ್ ಆಗಿದ್ದ ಎಡ ಮಂಡಿಯನ್ನು ಮಡಿಸಿ ನೋಡಿ, "ಕಾರಿಗೆ ತೊಂದ್ರೆ ಇಲ್ಲ. ಬಸ್ಸು, ಲಾರಿಗೆ ನಾನು ಸೈನ್ ಹಾಕಲ್ಲ" ಎಂದುಬಿಟ್ಟರು.

"ಓಡ್ಸಲ್ಲ ಸಾರ್, ಸುಮ್ನೆ ಇರ್ಲಿ ಅಂತ ಅಷ್ಟೇಯ" ಎಂದರು ಮಾವ.

ಸುಮ್ಮನೆ ಇರಲಿ ಎಂಬುದಕ್ಕೆ ಸರ್ಕಾರದಲ್ಲಿ ಕಾಲಂ ಇಲ್ಲ. ಹೊರಗೆ ಬಂದ ಮಾವ ಚಪ್ಪಲಿ ಹುಡುಕುತ್ತ ಬಹಳ ಹೊತ್ತು ತಲೆ ಬಗ್ಗಿಸಿಕೊಂಡೇ ಇದ್ದರು. ಚಪ್ಪಲಿ ಕಾಲ ಬಳಿಯೇ ಇತ್ತು. ನನಗೆ ಸಂಕಟವಾಯಿತು.

ಗುಬ್ಬಿಗೆ ಬಿಟ್ಟು ಬರಲು ಹೊರಟಾಗ ನನ್ನ ಕಾರಿನ ಕೀಲಿಯನ್ನು ಅವರ ಕೈಗೇ ಕೊಟ್ಟೆ. ನನ್ನ ಪುಟ್ಟ ಕಾರನ್ನು ಅವರು ಪ್ರತಿ ತಿರುವಿನಲ್ಲೂ ಅಗಲವಾಗಿ ಒಯ್ದು, ಹಿಂದೆ ಇಲ್ಲದ ಸೀಟುಗಳಿಗೆಲ್ಲ ಜಾಗ ಬಿಟ್ಟು ತಿರುಗಿಸಿದರು. ಹೆಗ್ಗೆರೆ ದಾಟಿತು. ಮಲ್ಲಸಂದ್ರದ ಸ್ಟಾಪಿನಲ್ಲಿ ಅಜ್ಜಿಯೊಬ್ಬರು ಬುಟ್ಟಿ ಇಟ್ಟುಕೊಂಡು ನಿಂತಿದ್ದರು. ಮಾವನ ಕಾಲು ತಾನಾಗಿ ಬ್ರೇಕ್ ಒತ್ತಿತು. ಕಾರು ಅಜ್ಜಿಯ ಕೈಗೆ ಹಿಂದಿನ ಬಾಗಿಲು ಸಿಗುವಂತೆ ನಿಂತಿತು. ಯಾಕೆ ನಿಲ್ಲಿಸಿದೆನೆಂದು ತಿಳಿಯದೆ ಮಾವನೇ ಪೆಚ್ಚಾದರು.

ಅಜ್ಜಿಗೆ ಅಂಥ ಗೊಂದಲವೇನೂ ಇರಲಿಲ್ಲ. "ಗುಬ್ಬಿಗ್ ಹೋಯ್ತದೇನಪ್ಪಾ?"

"ಹೋಯ್ತದೆ, ಹತ್ತಮ್ಮಾ. ಒಳೀಕೆ ಸರ್ಕೋ, ಒಳೀಕೆ!"

ಖಾಲಿ ಸೀಟಿನಲ್ಲಿ ಅಜ್ಜಿ ವಿಧೇಯವಾಗಿ ಆ ತುದಿಗೆ ಸರಿದರು. ಬಾಗಿಲು ಹಾಕಿಕೊಂಡಿತು. ಕಾರು ಮಾತ್ರ ಹೊರಡಲಿಲ್ಲ. ಮಾವ ಎರಡೂ ಕೈ ಸ್ಟೀರಿಂಗ್ ಮೇಲಿಟ್ಟು, ಕನ್ನಡಿ ನೋಡುತ್ತ, ಏನನ್ನೋ ಕಾಯುತ್ತಿದ್ದರು. ನನಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು. ಕಿಟಕಿಯಿಂದ ಕೈ ಹೊರಹಾಕಿ ಬಾಗಿಲನ್ನು ಪಟಪಟ ತಟ್ಟಿ, "ರೈಟ್, ರೈಟ್!" ಎಂದು ಕೂಗಿದೆ.

ಕಂಡಕ್ಟರಿಗೂ ಸರ್ಕಾರದ ಲೈಸೆನ್ಸು ಬೇಕು, ಬ್ಯಾಡ್ಜು ಬೇಕು. ನನ್ನಲ್ಲಿ ಎರಡೂ ಇರಲಿಲ್ಲ. ಮಾವ ಕೇಳಲೂ ಇಲ್ಲ; ಗೇರು ಹಾಕಿದರು.