ಇಮ್ರೊ ಕೂಗದೆ ಇಟ್ಟುಕೊಂಡ ಎಂಟು

ಕ್ಲೆಮ್ ರೂಡಿಗರನ ಮೇಲೆ ನನಗೆ ಈಗಲೂ ಸಿಟ್ಟಿದೆ. ಮುಚ್ಚಿಟ್ಟು ಏನು ಪ್ರಯೋಜನ? ಅವನು ಒಹಾಯೊ ನದಿಯ ಆಚೆ ದಂಡೆಯ ಗ್ರೆನ್‌ವಿಕ್ ತಂಡದ ನಾಯಕ. ಈಚೆ ದಂಡೆಯ ಟ್ಯಾನರ್ಸ್ ಫೆರಿಯಲ್ಲಿ ನಾವು ಪಿಂಗಾಣಿ ಕಾರ್ಖಾನೆಯ ಸ್ಲೊವಾಕ್ ಕೆಲಸಗಾರರು. ವಾರವೆಲ್ಲ ಕಪ್ಪು-ಬಸಿ ಸುಟ್ಟು, ಭಾನುವಾರ ಚರ್ಚಿನಿಂದ ನೇರ ಅಂಗಳಕ್ಕೆ ಹೋಗಿ, ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು ಓಡುವ, ಓಡಿದವನ ಮೇಲೆ ಬೀಳುವ ನಮ್ಮ ಫುಟ್‌ಬಾಲ್ ಆಡುತ್ತಿದ್ದೆವು. ಅದಕ್ಕೆ ಚೂರುಪಾರು ಸಂಬಳವೂ ಸಿಗುತ್ತಿದ್ದುದರಿಂದ ನಾವು ವೃತ್ತಿ ಆಟಗಾರರೆಂದು ಮೀಸೆ ತಿರುವುತ್ತಿದ್ದೆವು.

ಸಾವಿರದ ಒಂಬೈನೂರ ಇಪ್ಪತ್ತೆರಡನೇ ಇಸವಿಯ ಕೊನೆಯ ಪಂದ್ಯದಲ್ಲಿ ರೂಡಿಗರ್ ನಮ್ಮ ಪಾವೊಲ್ ಹ್ಲಾವಾಚನ ಮೊಣಕಾಲು ಮುರಿದ. ಪಾವೊಲ್ ನಮ್ಮ ಕ್ವಾರ್ಟರ್‌ಬ್ಯಾಕ್, ಅಂದರೆ ಆಟದ ಹೂಟ ಕೂಗಿ ಚೆಂಡು ಸಾಗಿಸುವವನು; ನನ್ನ ಜೀವದ ಗೆಳೆಯ. ಅವತ್ತು ಚೆಂಡು ತಮ್ಮ ಕೈಯಲ್ಲಿದ್ದಾಗ ಗ್ರೆನ್‌ವಿಕ್‌ನವರು ಬೇಕೆಂದೇ ತಮ್ಮ ಸಾಲಿನಲ್ಲಿ ದಾರಿ ಬಿಟ್ಟರು. ಚೆಂಡು ಹಿಡಿದವನು ಎದುರಿಗೇ ಸಿಕ್ಕನೆಂದು ಪಾವೊಲ್ ನುಗ್ಗಿದ. ಪಕ್ಕದಿಂದ ರೂಡಿಗರ್ ಬಂದು ಗುದ್ದಿದ. ದಾರಿ ಬಿಟ್ಟು ಪಕ್ಕದಿಂದ ಹೊಡೆಯುವುದು ಆಟದಲ್ಲಿ ಇರುವುದೇ. ಆದರೆ ಹೊಡೆಯುವುದು ಸೊಂಟಕ್ಕೆ, ಮೊಣಕಾಲಿಗಲ್ಲ. ಪಾವೊಲ್ ನೆಲದಲ್ಲಿ ಒದ್ದಾಡುತ್ತಿದ್ದಾಗ ಆ ಪಾಪಿ ನಕ್ಕು, "ಇನ್ಮೇಲೆ ಕೂತ್ಕೊಂಡೇ ಕೆಲ್ಸ ಮಾಡಪ್ಪಾ," ಎಂದ. ಹಾಗೆಯೇ ಆಯಿತು. ಕಾರ್ಖಾನೆಯ ಒಲೆಯ ಮುಂದೆ ನಿಲ್ಲುತ್ತಿದ್ದ ಪಾವೊಲ್ ಅಂದಿನಿಂದ ಹೆಂಗಸರ ಸಾಲಿನಲ್ಲಿ ಕೂತು ಕಪ್ಪುಗಳ ಬಿರುಕು ನೋಡುವ ಕೆಲಸಕ್ಕೆ ಬಂದ.

ಮರುವರ್ಷ ಅವನ ಜಾಗಕ್ಕೆ ತಮ್ಮ ಇಮ್ರೊ ಬಂದ. ಕಡ್ಡಿ ಪೈಲ್ವಾನ. ಅಣ್ಣನ ಅಂಗಿ ತೊಟ್ಟರೆ ಗೂಟಕ್ಕೆ ನೇತುಹಾಕಿದ ಹಾಗೆ ಕಾಣುತ್ತಿತ್ತು. "ಇವನನ್ನ ಗಾಳಿ ಹೊತ್ಕೊಂಡ್ ಹೋಗುತ್ತೆ ಕಣ್ರೋ," ಎಂದೆ ನಾನು. ಆದರೆ ಅವನ ಕೈ! ಕಾರ್ಖಾನೆಯಲ್ಲಿ ಅವನ ಕೆಲಸ ಹಸಿಮಣ್ಣಿನ ಉಂಡೆಗಳನ್ನು ದೂರದಲ್ಲಿ ಕುಂಬಾರಚಕ್ರದ ಮುಂದೆ ಕೂತವರಿಗೆ ಎಸೆಯುವುದು. ನಡುವೆ ತಲೆಯ ಮೇಲೆ ಪಾತ್ರೆಗಳ ಹಲಗೆ ಹೊತ್ತು ಓಡಾಡುವ ಯಾರಿಗೂ ಉಂಡೆ ಸೋಕಬಾರದು. ಆ ಕಾಲದಲ್ಲಿ ಚೆಂಡು ಎಸೆಯುವುದೆಂದರೆ ಬೇರೇನೂ ತೋಚದವರ ಕೆಲಸ. ಇಮ್ರೊ ಅದನ್ನೇ ಮೊದಲು ಮಾಡುತ್ತಿದ್ದ. ಒಂದಾದ ಮೇಲೊಂದು ಊರಿನ ತಂಡದವರು ಸೋತು ಬಾಯಿ ಬಿಟ್ಟುಕೊಂಡು ಮನೆಗೆ ಹೋದರು. ಪತ್ರಿಕೆಯವರು ಬಂದು ಫೋಟೊ ತೆಗೆದರು. ಅವನಿಗೆ ಅದ್ಯಾವುದೂ ಬೇಕಿರಲಿಲ್ಲ. "ಗ್ರೆನ್‌ವಿಕ್ ಯಾವಾಗ?" ಎಂದಷ್ಟೇ ಕೇಳುತ್ತಿದ್ದ.

ದಾರಿ ಬಿಟ್ಟು ಹೊಡೆಯುವ ಹೂಟ ನಮ್ಮಲ್ಲೂ ಇತ್ತು. ಅದರ ಸಂಖ್ಯೆ ಎಂಟು. ಇಮ್ರೊ ಎಂಟು ಎಂದರೆ ಸಾಲು ದಾರಿ ಬಿಡಬೇಕು, ನುಗ್ಗಿ ಬಂದವನನ್ನು ಪಕ್ಕದಿಂದ ನಾನು ಹೊಡೆಯಬೇಕು. ಸಂಖ್ಯೆ ಕೂಗುವ ಹಕ್ಕು ಕ್ವಾರ್ಟರ್‌ಬ್ಯಾಕ್ ಒಬ್ಬನದೇ. ಹೊರಗೆ ಕೂತವರು ಒಂದು ಮಾತು ಹೇಳಿಕೊಟ್ಟರೂ ನಮಗೇ ದಂಡ. ಒಳಗಿದ್ದವರು ಅವನು ಕೂಗಿದ್ದನ್ನು ಮಾಡಬೇಕು, ಅಷ್ಟೇ.

ನವೆಂಬರಿನ ಕೊನೆಗೆ ಗ್ರೆನ್‌ವಿಕ್‌ನ ಅಂಗಳದಲ್ಲೇ ಪಂದ್ಯ ನಡೆಯಿತು. ಪಾವೊಲ್ ಊರುಗೋಲು ಹಿಡಿದು ಬೆಂಚಿನಲ್ಲಿ ಕುಳಿತಿದ್ದ. ರೂಡಿಗರ್ ಬಂದವನೇ, "ಏನೋ ಪುಟಾಣಿ, ನಿಮ್ಮಣ್ಣ ಈಗ ಡ್ಯಾನ್ಸ್ ಮಾಡ್ತಾನಾ?" ಎಂದ. ನನ್ನ ರಕ್ತ ಕುದಿಯಿತು. ಇಮ್ರೊ ಮಾತ್ರ ತಣ್ಣಗೆ ಉತ್ತರ ಕೊಟ್ಟ.

"ನೀನು ನಮ್ಮಣ್ಣಂಗೆ ಕೊಟ್ಟಿದ್ದು ಇವತ್ತು ವಾಪಸ್ ಬರುತ್ತೆ. ಪಕ್ಕದಿಂದಾನೇ ಬರುತ್ತೆ. ಯಾವಾಗ ಅಂತ ಹೇಳಲ್ಲ."

ರೂಡಿಗರ್ ನಕ್ಕ. ಆದರೆ ಮೊದಲ ಸಲ ನುಗ್ಗುವಾಗಲೇ ಅವನ ಕಣ್ಣು ಪಕ್ಕಕ್ಕೆ ಹೊರಳಿತು. ನಾನು ಎಂಟಕ್ಕಾಗಿ ಹಸಿದು ಕಾಯುತ್ತಿದ್ದೆ. ಇಮ್ರೊ ಮೂರು ಎಂದ, ಒಂಬತ್ತು ಎಂದ, ಎಂಟು ಮಾತ್ರ ಅವನ ಬಾಯಿಗೆ ಬರಲಿಲ್ಲ. "ಕೂಗೋ ಮಾರಾಯ! ಅಣ್ಣನ ಕಾಲು ಮರೆತ್ಯಾ?" ಎಂದು ಗದರಿದೆ.

"ಸುಮ್ನಿರು ಮಾತುಷ್. ಅವನ ಮುಖ ನೋಡು."

ನೋಡಿದೆ. ರೂಡಿಗರ್ ಪ್ರತಿ ಸಲ ಹೆಜ್ಜೆ ಎತ್ತುವ ಮೊದಲು ಎಡಕ್ಕೆ, ಬಲಕ್ಕೆ ಕಣ್ಣಾಡಿಸುತ್ತಿದ್ದ. ಇಮ್ರೊನ ಹತ್ತಿರ ಬರುವಷ್ಟರಲ್ಲಿ ಚೆಂಡು ಹೋಗಿಯಾಗಿರುತ್ತಿತ್ತು. "ನಿದ್ದೆ ಬಂತಾ ಕ್ಲೆಮ್?" ಎಂದು ಅವನ ಊರಿನವರೇ ಕೂಗತೊಡಗಿದರು.

ಆದರೂ ಅವನ ಜೊತೆಯವರು ಗಟ್ಟಿಗರು. ಆಟ ಮುಗಿಯುತ್ತ ಬಂದರೂ ಎರಡೂ ಕಡೆ ಸಮಸಮವಾಗಿತ್ತು. ಆಗ ಇಮ್ರೊ ನಮ್ಮನ್ನು ಹತ್ತಿರ ಕರೆದು, "ಈಗ ಎಂಟು," ಎಂದ. ನನಗೆ ಮೈಯೆಲ್ಲ ಬಿಸಿಯಾಯಿತು. "ಎಲ್ಲಾರೂ ದಾರಿ ಬಿಡಿ. ಆದ್ರೆ ಮಾತುಷ್, ನೀನ್ ಹೊಡೀಬೇಡ. ನಿಂತಲ್ಲೇ ನಿಂತಿರು."

"ತಲೆ ಕೆಟ್ಟಿದ್ಯೇನೋ? ನಿನ್ನ ಜಜ್ಜಿ ಹಾಕ್ತಾನೆ ಅವ್ನು!"

"ಅವನು ಬರಲ್ಲ."

ಹಲ್ಲು ಕಚ್ಚಿಕೊಂಡು ನಿಂತೆ. ಸಾಲು ದಾರಿ ಬಿಟ್ಟಿತು. ರೂಡಿಗರ್ ನುಗ್ಗಿದ. ಎದುರಿಗೆ ಚೆಂಡು ಹಿಡಿದ ಇಮ್ರೊ ಒಬ್ಬನೇ, ತಡೆಯುವವರಿಲ್ಲ. ಅಂಥ ಖಾಲಿ ದಾರಿ ಎಂದರೆ ಏನೆಂದು ರೂಡಿಗರನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅರ್ಧ ದಾರಿಯಲ್ಲಿ ಅವನಿಗೆ ಹೊಳೆಯಿತು. ಗಕ್ಕನೆ ನಿಂತ. ಎರಡೂ ಮಂಡಿ ತಬ್ಬಿಕೊಂಡು, ಕಣ್ಣು ಮುಚ್ಚಿ, ನೆಲಕ್ಕೆ ಕುಕ್ಕರಿಸಿದ.

ಯಾರೂ ಅವನನ್ನು ಮುಟ್ಟಲಿಲ್ಲ. ಇಮ್ರೊ ಅವಸರವಿಲ್ಲದೆ, ಮಣ್ಣಿನ ಉಂಡೆ ಎಸೆಯುವಂತೆ, ಅವನ ತಲೆಯ ಮೇಲಿಂದ ಚೆಂಡು ಎಸೆದ. ನಮ್ಮವನೊಬ್ಬ ಹಿಡಿದು ಕೊನೆಯ ಗೆರೆ ದಾಟಿದ, ಪಂದ್ಯ ನಮ್ಮದಾಯಿತು. ಬೇಲಿಯ ಬಳಿಯಿಂದ ಗ್ರೆನ್‌ವಿಕ್‌ನ ಮುದುಕಿಯೊಬ್ಬಳು, "ಕಣ್ಣು ಬಿಡೋ ಕ್ಲೆಮ್, ಅಲ್ಲಿ ಯಾರೂ ಇಲ್ಲ!" ಎಂದು ಕೂಗಿದಳು. ಇಡೀ ಅಂಗಳ ನಕ್ಕಿತು. ಅವನದೇ ಊರು ಅದು.

ಅಂದು ಸಂಜೆ ಪಾವೊಲನ ಅಡುಗೆಮನೆಯಲ್ಲಿ ಅವರಮ್ಮ ಮಾಂಸ ತುಂಬಿದ ಎಲೆಕೋಸಿನ ಸುರುಳಿ ಬಡಿಸಿದರು. ನಾನು ತಟ್ಟೆ ಆಚೆ ತಳ್ಳಿದೆ. "ಒಂದೇ ಒಂದು ಏಟು ಹಾಕೋಕೆ ಬಿಡಬಹುದಿತ್ತು ನನ್ನ," ಎಂದೆ. ಇಮ್ರೊ ತಟ್ಟೆಯಿಂದ ತಲೆಯೆತ್ತಲಿಲ್ಲ.

"ಹೊಡೆದಿದ್ರೆ ಅಲ್ಲಿಗೆ ಮುಗೀತಿತ್ತು. ಮುಗೀಬಾರ್ದು ಮಾತುಷ್."

ಇಮ್ರೊ ಮತ್ತೆಂದೂ ಆ ವರ್ಷದಂತೆ ಆಡಲಿಲ್ಲ. ಮುಂದಿನ ಋತುವಿನಲ್ಲಿ ಭುಜ ಕೈಕೊಟ್ಟಿತು. ಮದುವೆಯಾದ, ಮಕ್ಕಳಾದರು, ನಿವೃತ್ತನಾಗುವವರೆಗೂ ಮಣ್ಣಿನ ಕೆಲಸದಲ್ಲೇ ಇದ್ದ. ಅದಕ್ಕೆ ಅವನು ಬೇಸರಪಟ್ಟಿದ್ದನ್ನು ನಾನು ಕಂಡಿಲ್ಲ.

ಎಷ್ಟೋ ವರ್ಷಗಳ ಮೇಲೆ ನದಿ ದಾಟುವ ಹಡಗಿನಲ್ಲಿ ರೂಡಿಗರನನ್ನು ಕಂಡೆ. ತಲೆ ನರೆತಿತ್ತು. ಬೆಂಚು ಖಾಲಿಯಿದ್ದರೂ ಬೆನ್ನನ್ನು ಗೋಡೆಗೆ ಒತ್ತಿಕೊಂಡು ನಿಂತಿದ್ದ. ಅವನ ಪಕ್ಕಕ್ಕೆ ಹೋಗಿ ಸುಮ್ಮನೆ ಕೆಮ್ಮಿದೆ. ಅವನ ಎರಡೂ ಕೈ ಮಂಡಿಗೆ ಹೋದವು.

ಹಡಗಿನಿಂದ ಇಳಿದವನೇ ನೇರ ಪಾವೊಲನ ಮನೆಗೆ ಹೋಗಿ ಹೇಳಿದೆ. ಅವನು ಕುಂಟು ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು ಪೂರ್ತಿ ಕೇಳಿಸಿಕೊಂಡ.

"ಇನ್ನೊಂದ್ಸಲ ಹೇಳು," ಎಂದ. "ನಿಧಾನಕ್ಕೆ ಹೇಳು."